ಅರ್ಧ ಉತ್ತ ಹೊಲ

ಊರಿನವರು ಅವನನ್ನು ಸಾಲಣ್ಣ ಎಂದು ಕರೆಯುತ್ತಿದ್ದರು. ಹೊಸಬರು ಈ ಹೆಸರು ಕೇಳಿದರೆ, ಪಾಪ, ಯಾರ್ಯಾರ ಹತ್ತಿರ ಎಷ್ಟೆಷ್ಟು ಕೈ ಚಾಚಿದ್ದಾನೋ ಎಂದು ಮರುಗುತ್ತಿದ್ದರು. ಅಸಲಿಗೆ ಆ ಮನುಷ್ಯ ಅಂಗಡಿಯಲ್ಲಿ ಚಹಾ ಕುಡಿದರೂ ಲೋಟ ಕೆಳಗಿಡುವ ಮುಂಚೆ ಚಿಲ್ಲರೆ ಇಡುವವನು. ಟ್ರ್ಯಾಕ್ಟರಿಗೆ ನೇಗಿಲು ಸಿಕ್ಕಿಸಿ ಹೊಲದ ಈ ತುದಿಯಿಂದ ಆ ತುದಿಗೆ ಹೋದನೆಂದರೆ ಸಾಲು ದಾರ ಹಿಡಿದು ಎಳೆದ ಹಾಗೆ ಬೀಳುತ್ತಿತ್ತು. ಹೆಸರು ಬಂದದ್ದು ಅದರಿಂದ.

ಅವನಿಗೆ ಉಳುಮೆ ಕಲಿಸಿದವನು ದೊಡ್ಡಪ್ಪ. ಆ ದೊಡ್ಡಪ್ಪನಿಗೆ ಮಾತು ಕಡಿಮೆ, ಕೈ ಜಾಸ್ತಿ. ಸಾಲು ಸೊಟ್ಟಗಾದರೆ ಹಿಂದಿನಿಂದ ಬಂದು ತಲೆಗೊಂದು ಮೊಟಕುತ್ತಿದ್ದ. "ಚಕ್ರ ನೋಡ್ಬೇಡ, ನೇಗಿಲೂ ನೋಡ್ಬೇಡ. ಹೊಲದಾಚೆ ಒಂದು ಮರ ಹಿಡ್ಕೋ, ಅದನ್ನೇ ನೋಡ್ತಾ ಹೋಗು" ಎಂದಷ್ಟೇ ಹೇಳಿದ್ದ. ಮೊಟಕಿಸಿಕೊಂಡು ಮೊಟಕಿಸಿಕೊಂಡೇ ಹುಡುಗ ಪಳಗಿದ. ಸುತ್ತಲಿನ ಊರುಗಳಲ್ಲಿ ಬಿತ್ತನೆಯ ಕಾಲ ಬಂತೆಂದರೆ ಮೊದಲು ಸಾಲಣ್ಣನಿಗೆ ಹೇಳಿಕಳಿಸಿ, ಆಮೇಲೆ ಬೀಜ ತರಲು ಹೋಗುವವರಿದ್ದರು.

ಸ್ವಂತಕ್ಕೆ ಅವನಿಗೆ ಅಂಗೈಯಗಲ ಜಮೀನಿರಲಿಲ್ಲ. ಇದ್ದದ್ದು ರಸ್ತೆಯಂಚಿನ ಎರಡು ಕೋಣೆಯ ಮನೆ ಮತ್ತು ಅದಕ್ಕೆ ಒತ್ತಿಕೊಂಡ ಒಂದು ತಗಡಿನ ಕೊಟ್ಟಿಗೆ. ಮನೆಗಿಂತ ಕೊಟ್ಟಿಗೆಯೇ ಓರಣವಾಗಿತ್ತು. ನೇಗಿಲಿನ ಗುಳಗಳು ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ತೂಗುತ್ತಿದ್ದವು. ನಟ್ಟು ಬೋಲ್ಟುಗಳು ಅಳತೆಗೆ ತಕ್ಕ ಹಾಗೆ ಬೇರೆ ಬೇರೆ ಡಬ್ಬಗಳಲ್ಲಿದ್ದವು. ಕೆಲಸ ಮುಗಿಸಿ ಬಂದವನು ತಾನು ಕೈಕಾಲು ತೊಳೆಯುವ ಮುಂಚೆ ನೇಗಿಲನ್ನು ಒರೆಸಿ, ಹಳೆಯ ಎಣ್ಣೆ ಸವರಿ ನಿಲ್ಲಿಸುತ್ತಿದ್ದ. "ನನ್ನ ಬೆನ್ನಿಗೂ ಒಂದಿನ ಹಿಂಗೇ ಎಣ್ಣೆ ಹಚ್ಚಿ ನೋಡೋಣ" ಎಂದು ಹೆಂಡತಿ ಅಡುಗೆಮನೆಯ ಕಿಟಕಿಯಿಂದ ಛೇಡಿಸುತ್ತಿದ್ದಳು.

ಹೊಲದ ಬಗ್ಗೆ ಅವನದು ಒಂದೇ ಸಿದ್ಧಾಂತ. ಹೊಲವೆಂದರೆ ತೊಳೆದಿಟ್ಟ ತಟ್ಟೆಯ ಹಾಗಿರಬೇಕು. ಒಂದು ಕಡ್ಡಿ, ಒಂದು ಕೂಳೆ ಮೇಲೆ ಕಾಣಬಾರದು. ಒಮ್ಮೆ ಮಗುಚಿ ಹಾಕಬೇಕು, ಮತ್ತೊಮ್ಮೆ ಹೆಂಟೆ ಒಡೆಯಬೇಕು, ಇನ್ನೊಮ್ಮೆ ಪುಡಿ ಮಾಡಬೇಕು, ಕೊನೆಗೆ ಮಟ್ಟ ಮಾಡಬೇಕು. ಹೀಗೆ ಮುಗಿದ ಹೊಲವನ್ನು ಬದುವಿನ ಮೇಲೆ ನಿಂತು ನೋಡುವಾಗ ಅವನ ಮುಖ, ಹೊಲಿದು ಮುಗಿಸಿದ ಅಂಗಿಯನ್ನು ಕೊಡವಿ ನೋಡುವ ದರ್ಜಿಯ ಮುಖದಂತಿರುತ್ತಿತ್ತು.

ಹೆಂಡತಿ ಕೆಲಸ ಮಾಡುತ್ತಿದ್ದುದು ಪೇಟೆಯ ಮಣ್ಣು ಪರೀಕ್ಷೆಯ ಕೇಂದ್ರದಲ್ಲಿ. ಸಂತೆಮಾಳದ ಹಿಂಬದಿಯ ಒಂದು ಉದ್ದನೆಯ ಕೋಣೆ, ಅದರ ನಡುವೆ ಕಲ್ಲಿನ ಮೇಜು, ಮೇಜಿನ ತುಂಬ ಕಾಗದ ಹಾಸಿದ ತಟ್ಟೆಗಳು. ರೈತರು ಚೀಲದಲ್ಲಿ ತಂದುಕೊಟ್ಟ ಮಣ್ಣನ್ನು ಆ ತಟ್ಟೆಗಳಲ್ಲಿ ಒಣಗಿಸುವುದು, ಮರದ ಸುತ್ತಿಗೆಯಿಂದ ಕುಟ್ಟುವುದು, ಜರಡಿ ಹಿಡಿಯುವುದು, ಚೀಟಿ ಅಂಟಿಸಿ ಒಳಕೋಣೆಗೆ ಕೊಡುವುದು ಅವಳ ಕೆಲಸ. ಒಳಕೋಣೆಯಲ್ಲಿ ಪರೀಕ್ಷೆ ಮಾಡುತ್ತಿದ್ದವರು ದಪ್ಪ ಕನ್ನಡಕದ ಒಬ್ಬ ಮೇಡಂ. ಸಂಜೆ ಮನೆಗೆ ಬಂದರೆ ಗಂಡನ ಮೈಯಲ್ಲೂ ಮಣ್ಣು, ಹೆಂಡತಿಯ ಮೈಯಲ್ಲೂ ಮಣ್ಣು. "ನಮ್ಮಪ್ಪ ಅಮ್ಮ ಇಬ್ರೂ ಮಣ್ಣು ತಿನ್ನೋರು" ಎಂದು ಅವರ ಒಬ್ಬಳೇ ಮಗಳು ಚಿಕ್ಕವಳಿದ್ದಾಗ ಶಾಲೆಯಲ್ಲಿ ಹೇಳಿ ನಗೆಪಾಟಲಾಗಿದ್ದಳು.

ಹೆಂಡತಿಯ ತಂದೆ ತೀರಿಕೊಂಡಾಗ, ಪೇಟೆಯಲ್ಲಿದ್ದ ಮಳಿಗೆ ಅವಳ ತಮ್ಮನಿಗೆ, ಕಾಲುವೆ ಪಕ್ಕದ ಎರಡೆಕರೆ ಹೊಲ ಅವಳಿಗೆ ಎಂದಾಯಿತು. ತಮ್ಮ ಆ ಮಳಿಗೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದ. ಅಕ್ಕ ತಮ್ಮಂದಿರಲ್ಲಿ ಜಗಳವಿರಲಿಲ್ಲ. ಹೊಲವನ್ನು ಮಾವನ ಕಾಲದಿಂದಲೂ ಉಳುತ್ತಿದ್ದವನು ಸಾಲಣ್ಣನೇ. ಆದ್ದರಿಂದ ಹೊಲ ಯಾರ ಹೆಸರಿಗೆ ಬಂದರೂ ತನ್ನ ನೇಗಿಲಿಗೇ ಬಂತು ಎಂದು ಅವನು ನಿಶ್ಚಿಂತನಾಗಿದ್ದ.

ಒಂದು ದಿನ ಅವಳು ಬೇರೆಯವರ ಚೀಲಗಳ ಜೊತೆ ತನ್ನ ಹೊಲದ ಒಂದು ಚೀಲವನ್ನೂ ಒಣಗಲು ಹಾಕಿದಳು. ಮಾರನೆಯ ದಿನ ಕುಟ್ಟಲು ಕೂತರೆ ಹೆಂಟೆ ಒಡೆಯಲೊಲ್ಲದು. ಪಕ್ಕದ ತಟ್ಟೆಯಲ್ಲಿದ್ದ ಮಣ್ಣಾದರೋ ಬೆರಳಲ್ಲಿ ಒತ್ತಿದರೆ ಬ್ರೆಡ್ಡಿನ ಚೂರಿನಂತೆ ಉದುರುತ್ತಿತ್ತು. ಅವಳು ಆ ತಟ್ಟೆ ಹಿಡಿದುಕೊಂಡು ಒಳಕೋಣೆಗೆ ಹೋದಳು.

"ಮೇಡಂ, ಇದು ಯಾರ ಹೊಲದ್ದು? ಸುತ್ತಿಗೆನೇ ಬೇಡ ಅನ್ನುತ್ತೆ."

"ಹೊಲದ್ದಲ್ಲಮ್ಮಾ. ನಾನೇ ತಂದಿದ್ದು, ಬೇಲಿಯಾಚೆ ಮರಗಳ ಬುಡದ್ದು. ಅಲ್ಲಿ ಯಾರೂ ಉಳಲ್ಲ."

"ಮತ್ತೆ ನಮ್ಮದು?"

ಮೇಡಂ ಅವಳ ಕೈಯಿಂದ ಹೆಂಟೆ ತೆಗೆದುಕೊಂಡು ಮೇಜಿಗೆ ಕುಟ್ಟಿದರು. ಟಕ್ ಎಂದಿತು. "ನಿಮ್ಮದು ಇಟ್ಟಿಗೆ" ಎಂದರು.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಕೂತಾಗ ಮೇಡಂ ಬಿಡಿಸಿ ಹೇಳಿದರು. ಬೇರು, ಎಲೆ, ಹುಳ ಎಲ್ಲ ಕೊಳೆತು ಮಣ್ಣಿನಲ್ಲಿ ಬೆರೆತಿರುತ್ತದೆ. ಅದೇ ಮಣ್ಣಿನ ಸಾವಯವ ಅಂಶ. ಅದು ಅಂಟಿನ ಹಾಗೆ ಕಣಗಳನ್ನು ಸಣ್ಣ ಸಣ್ಣ ಉಂಡೆಯಾಗಿ ಕೂಡಿಸಿಡುತ್ತದೆ, ನೀರನ್ನೂ ಹಿಡಿದಿಡುತ್ತದೆ. ಉತ್ತಾಗಲೆಲ್ಲ ಗಾಳಿ ಒಳಗೆ ನುಗ್ಗಿ, ಕಣ್ಣಿಗೆ ಕಾಣದ ಜೀವಿಗಳು ಎದ್ದು ಅದನ್ನು ತಿಂದು ಮುಗಿಸುತ್ತವೆ. ವರ್ಷಕ್ಕೆ ನಾಲ್ಕು ಸಲ ಮಗುಚಿ, ಮಿಕ್ಕ ತಿಂಗಳು ಬಿಸಿಲಿಗೆ ಬೋಳು ಬಿಟ್ಟ ಹೊಲದಲ್ಲಿ ಉಳಿಯುವುದು ಬರೀ ಪುಡಿ. ಅದು ಮಳೆಗೆ ಕಲಸಿ, ಬಿಸಿಲಿಗೆ ಇಟ್ಟಿಗೆಯಾಗುತ್ತದೆ.

"ಉಳದೇ ಬಿತ್ತೋರಿದ್ದಾರೆ. ಬೆಳೆ ಇಲ್ಲದ ತಿಂಗಳಲ್ಲಿ ಅಲಸಂದೆ, ಸೆಣಬು, ಮೂಲಂಗಿ ಹೀಗೆ ಏನಾದ್ರೂ ಹೊದಿಕೆ ಬೆಳೆ ಹಾಕಿ, ಅದನ್ನ ಅಲ್ಲೇ ಮಲಗಿಸಿ, ಅದರ ನಡುವೆನೇ ಬೀಜ ಊರ್ತಾರೆ" ಎಂದರು ಮೇಡಂ. "ಆದ್ರೆ ಈಗ್ಲೇ ಹೇಳಿಬಿಡ್ತೀನಿ. ಒಂದೆರಡು ವರ್ಷಕ್ಕೆ ಏನೂ ಕಾಣಲ್ಲ. ಮೊದಮೊದಲು ಬೆಳೆ ಕಮ್ಮಿ ಆದ್ರೂ ಆಗಬಹುದು. ಆಮೇಲೆ ನನ್ನ ಬೈಬೇಡಿ."

"ನಿಮ್ಮನ್ನ ಬೈಯೋದಿರ್ಲಿ, ನಮ್ಮ ಮನೆಯವರಿಗೆ ಹೇಳೋರು ಯಾರು?"

ಮೇಡಂಗೆ ನಗು ತಡೆಯಲಾಗಲಿಲ್ಲ. ಸಾಲಣ್ಣನ ಹೆಸರು ಅವರಿಗೂ ಗೊತ್ತಿತ್ತು.

ಆ ರಾತ್ರಿ ಊಟಕ್ಕೆ ಕೂತಾಗ ಅವಳೇ ಹೇಳಿದಳು. "ಈ ಸಲ ಅಪ್ಪನ ಹೊಲಕ್ಕೆ ನೀವು ಬರೋದು ಬೇಡ ರೀ."

ಅವನು ತುತ್ತು ಕೈಯಲ್ಲೇ ಹಿಡಿದು ಕೇಳಿದ, "ಯಾಕೆ, ಬೇರೆ ಯಾರಿಗಾದ್ರೂ ಹೇಳಿದ್ದೀಯಾ?"

"ಯಾರಿಗೂ ಇಲ್ಲ. ಉಳೋದೇ ಬೇಡ ಅಂತ."

ಮೊದಲು ಅವನು ನಕ್ಕ. "ಉಳದೇ ಬಿತ್ತೋದು ಅಂದ್ರೆ ಸ್ನಾನ ಮಾಡದೆ ಪೌಡರ್ ಬಳ್ಕೊಂಡ ಹಾಗೆ" ಎಂದ. ಅವಳು ನಗಲಿಲ್ಲ. ಮೇಡಂ ಹೇಳಿದ್ದನ್ನೆಲ್ಲ ಹೇಳಿದಳು. ಅವನು ಕೇಳುತ್ತ ಕೇಳುತ್ತ ಊಟ ಮುಗಿಸಿ, ಕೈ ತೊಳೆದು, "ಹೊಲ ನಿನ್ನದು" ಎಂದು ಎದ್ದುಹೋದ. ಆ ಎರಡು ಪದಗಳಲ್ಲಿ ಒಪ್ಪಿಗೆ ಇರಲಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಮೊದಲ ವರ್ಷ ಆ ಹೊಲದ ಅವತಾರ ನೋಡುವಂತಿರಲಿಲ್ಲ. ಅಕ್ಕ ಕೇಳಿದಳೆಂದು ವೆಲ್ಡಿಂಗಿನ ತಮ್ಮ ಹಳೆಯ ಡ್ರಮ್ಮಿಗೆ ಕಬ್ಬಿಣದ ಪಟ್ಟಿ ಬೆಸೆದು, ಒಳಗೆ ಮರಳು ತುಂಬಿ, ಹೊದಿಕೆ ಬೆಳೆ ಮಲಗಿಸಲು ಒಂದು ರೋಲರು ಮಾಡಿಕೊಟ್ಟ. ಅದನ್ನು ತನ್ನ ಮುದಿ ಜೀಪಿಗೆ ಕಟ್ಟಿ ಎಳೆದ. ಮಲಗಿದ ಸೊಪ್ಪಿನ ನಡುವೆ ನಾಲ್ಕು ಜನ ಹೆಂಗಸರು ಚೂಪು ಕೋಲಿನಿಂದ ತೂತು ಮಾಡುತ್ತ ಮೆಕ್ಕೆಜೋಳ ಊರಿದರು. ಮೆಕ್ಕೆಜೋಳ ಹುಟ್ಟಿತು, ಆದರೆ ಹಳದಿಗಟ್ಟಿ, ಒಲ್ಲದ ಮನೆಗೆ ಬಂದ ನೆಂಟನ ಹಾಗೆ ನಿಂತಿತು. ಅದರ ಜೊತೆ ಕಳೆ, ಕಳೆಯ ಜೊತೆ ಇಲಿ. ಮುಂದಿನ ವರ್ಷ ಹಾಕಿದ ಮೂಲಂಗಿ ನೆಲದಲ್ಲೇ ಕೊಳೆತು, ರಸ್ತೆಯಲ್ಲಿ ಹೋಗುವವರು ಮೂಗು ಮುಚ್ಚಿಕೊಂಡರು. ಯಾರದೋ ಮನೆಯ ಕೊಳಚೆ ಒಡೆದಿದೆಯೆಂದು ಪಂಚಾಯಿತಿಗೆ ದೂರು ಹೋಯಿತು.

ಊರಿಗೆ ಇಷ್ಟು ಸಾಕಿತ್ತು. ಅವಳಿಗೆ ಹುಲ್ಲಕ್ಕ ಎಂದು ಹೆಸರು ಬಿತ್ತು. ಕ್ಷೌರದ ಅಂಗಡಿಯಲ್ಲಿ ಸಾಲಣ್ಣ ಕುರ್ಚಿಗೆ ಕೂತರೆ ಯಾರಾದರೊಬ್ಬರು, "ಇವನಿಗೆ ಯಾಕಪ್ಪಾ ಕ್ಷೌರ? ಹೆಂಡತಿ ಬೈತಾಳೆ, ಹಾಗೇ ಮಲಗಿಸಿ ಕಳ್ಸು" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಅವನೂ ನಗುತ್ತಿದ್ದ. ನಗದಿದ್ದರೆ ಇನ್ನೂ ಹೆಚ್ಚಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಊರಿಗೆಲ್ಲ ಉತ್ತು ಬಂದವನ ಹೆಂಡತಿಯ ಹೊಲವೇ ಬೀಳು ಬಿದ್ದಿದೆ ಎಂಬ ಮಾತು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು. ಕಾಲುವೆ ರಸ್ತೆಯಲ್ಲಿ ಟ್ರ್ಯಾಕ್ಟರ್ ಓಡಿಸಿಕೊಂಡು ಹೋಗುವಾಗ ಆ ಹೊಲ ಬಂದರೆ ಮುಖ ಕಾಲುವೆಯ ಕಡೆ ತಿರುಗಿಸುತ್ತಿದ್ದ. ಮನೆಯಲ್ಲಿ ಮಾತ್ರ ಈ ವಿಷಯ ಎತ್ತುತ್ತಿರಲಿಲ್ಲ. ಅವಳೂ ಎತ್ತುತ್ತಿರಲಿಲ್ಲ. ಮಿಕ್ಕ ವಿಷಯಗಳಲ್ಲಿ ಸಂಸಾರ ಮೊದಲಿನಂತೆಯೇ ನಡೆಯಿತು. ಮಗಳ ಓದು ಮುಗಿಯಿತು, ಪೇಟೆಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು.

ಹೀಗೆ ಕೆಲವು ವರ್ಷ ಕಳೆದವು. ಹುಲ್ಲಕ್ಕನ ಮೆಕ್ಕೆಜೋಳ ಮೆಲ್ಲಗೆ ಬಣ್ಣ ಕಟ್ಟಿತು. ಅಕ್ಕಪಕ್ಕದವರಿಗಿಂತ ಹೆಚ್ಚೇನೂ ಅಲ್ಲ, ಕಡಿಮೆಯೂ ಅಲ್ಲ ಎನ್ನುವ ಮಟ್ಟಕ್ಕೆ ಬಂತು. ಅವಳು ಜಂಬ ಪಡಲಿಲ್ಲ. ಊರು ನಗುವುದನ್ನು ಬಿಟ್ಟು ಬೇರೆ ಕೆಲಸ ನೋಡಿಕೊಂಡಿತು.

ಒಂದು ವರ್ಷ ಬಿತ್ತನೆಗೆ ಮುಂಚೆ ಅವಳ ಹೊಟ್ಟೆನೋವು ತಾರಕಕ್ಕೇರಿತು. ಪಿತ್ತಕೋಶದಲ್ಲಿ ಕಲ್ಲಾಗಿದೆ, ತೆಗೆಯಬೇಕು ಎಂದರು. ತೆಗೆದರು. ಆದರೆ ಗಾಯ ಕೀವಾಗಿ, ಜ್ವರ ಬಂದು, ನಾಲ್ಕು ದಿನದಲ್ಲಿ ಮನೆಗೆ ಬರಬೇಕಾದವಳು ವಾರಗಟ್ಟಲೆ ಹಾಸಿಗೆ ಹಿಡಿದಳು. ಮಗಳು ಅದೇ ಆಸ್ಪತ್ರೆಯಲ್ಲಿದ್ದುದರಿಂದ ಬಳಿಯೇ ಇದ್ದಳು. ಹೆಂಗಸರ ವಾರ್ಡಿನಲ್ಲಿ ಗಂಡಸರು ಸಂಜೆ ಹೊರತು ಇರುವಂತಿರಲಿಲ್ಲ. ಸಾಲಣ್ಣ ಸಂಜೆ ಹೋಗಿ, ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಗೋಡೆಯ ಫ್ಯಾನಿನ ಬೋಲ್ಟು ಸಡಿಲಾಗಿದೆಯೆಂದು ನರ್ಸುಗಳಿಗೆ ಹೇಳಿ ವಾಪಸಾಗುತ್ತಿದ್ದ.

ಮನೆಯಲ್ಲಿ ಅವನಿಗೆ ಬೆಂಕಿಪೊಟ್ಟಣ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಹಾಲು ಎರಡು ಸಲ ಒಡೆಯಿತು. ಇಷ್ಟು ವರ್ಷ ಅವಳ ಸದ್ದು ಇಲ್ಲದೆ ಆ ಮನೆ ಹೇಗಿರುತ್ತದೆಂದು ಅವನು ಕೇಳಿಸಿಕೊಂಡೇ ಇರಲಿಲ್ಲ. ಹೊರಗೆ ಬಿತ್ತನೆಯ ಹದ ಬಂದಿತ್ತು. ಅವಳ ಹೊಲದಲ್ಲಿ ಹೊದಿಕೆ ಬೆಳೆ ಎದೆಮಟ್ಟ ಬೆಳೆದು ಹೂಬಿಟ್ಟಿತ್ತು. ಭಾವಮೈದನ ಜೀಪು ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿಸಿಕೊಂಡು ಕೂತಿತ್ತು. ಹದ ತಪ್ಪಿದರೆ ಈ ವರ್ಷದ ಬೆಳೆ ಹೋದಂತೆಯೇ. ಅವಳಿಗಾಗಿ ತಾನು ಏನಾದರೂ ಮಾಡಬೇಕು. ತನಗೆ ಬರುವುದು ಒಂದೇ ಕೆಲಸ.

ಬೆಳಗ್ಗೆ ಬಿಸಿಲೇರುವ ಮುಂಚೆ ಅವನು ಟ್ರ್ಯಾಕ್ಟರನ್ನು ಕಾಲುವೆ ಪಕ್ಕದ ಹೊಲಕ್ಕೆ ಇಳಿಸಿದ.

ಮೊದಲ ಸಾಲಿನಲ್ಲೇ ಏನೋ ಬೇರೆ ಎನ್ನಿಸಿತು. ಎಲ್ಲ ಹೊಲಗಳಲ್ಲೂ ನೇಗಿಲು ಇಳಿದ ಕೂಡಲೇ ಎಂಜಿನ್ ಏದುಸಿರು ಬಿಡುತ್ತಿತ್ತು. ಇಲ್ಲಿ ಹೊಗೆಕೊಳವೆಯಿಂದ ಕಪ್ಪು ಹೊಗೆಯೇ ಏಳಲಿಲ್ಲ. ನೇಗಿಲು ಆಳ ಹಿಡಿದಿಲ್ಲವೇನೋ ಎಂದು ಹಿಂದಿರುಗಿ ನೋಡಿದ. ಹಿಡಿದಿತ್ತು. ಕಪ್ಪಗಿನ ಮಣ್ಣು ಸದ್ದಿಲ್ಲದೆ ಮಗುಚಿ ಬೀಳುತ್ತಿತ್ತು, ಹೆಂಟೆ ಏಳುತ್ತಿರಲಿಲ್ಲ. ಮೂರನೆಯ ಸುತ್ತಿಗೆ ಬೆಳ್ಳಕ್ಕಿಗಳು ಬಂದವು, ಅವುಗಳ ಹಿಂದೆ ಕಾಗೆ, ಗೊರವಂಕ. ಉಳುವವನ ಹಿಂದೆ ಹಕ್ಕಿ ಬರುವುದು ಹೊಸತಲ್ಲ. ಅವನು ಚಿಕ್ಕವನಿದ್ದಾಗ ಬರುತ್ತಿದ್ದವು. ಆದರೆ ಯಾವಾಗ ಕಡಿಮೆಯಾದವು, ಯಾವಾಗ ನಿಂತೇಹೋದವು ಎಂದು ಅವನು ಗಮನಿಸಿರಲಿಲ್ಲ. ಈಗ ಸಾಲು ಬೆಳ್ಳಗೆ ಕಾಣುವಷ್ಟು ಹಕ್ಕಿಗಳು ಕೂತಿದ್ದವು.

ಹೊಲದ ನಡುವಿಗೆ ಬಂದಾಗ ಅವನು ಎಂಜಿನ್ ನಿಲ್ಲಿಸಿ ಕೆಳಗಿಳಿದ. ಒಂದು ಹಿಡಿ ಮಣ್ಣು ತೆಗೆದುಕೊಂಡ. ಬೆರಳ ಸಂದಿಯಿಂದ ಎರಡು ಎರೆಹುಳು ಜಾರಿ ಬಿದ್ದವು. ಉಳದೆ ಬಿಟ್ಟ ಕಡೆಗೆ ಹೋಗಿ, ಸೊಪ್ಪು ಸರಿಸಿ, ಬರಿಗೈಯಲ್ಲಿ ಬಗೆದು ನೋಡಿದ. ಬೆರಳು ಗೆಣ್ಣಿನ ತನಕ ಹೋಯಿತು. ಅವನು ಸ್ವಲ್ಪ ಹೊತ್ತು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತ. ಅವನ ವೃತ್ತಿಯ ಲೆಕ್ಕ ಸರಳವಾಗಿತ್ತು: ನೆಲ ಸಡಿಲವಾಗಲಿ ಎಂದು ಉಳುವುದು. ಸಡಿಲವಾಗಿಯೇ ಇರುವ ನೆಲವನ್ನು ಯಾತಕ್ಕೆ ಉಳಬೇಕು? ಇದನ್ನು ದೊಡ್ಡಪ್ಪ ಕಲಿಸಿರಲಿಲ್ಲ.

ನೇಗಿಲನ್ನು ಮೇಲೆತ್ತಿ, ಉತ್ತ ಕಡೆಯಿಂದಲೇ ಹೊಲ ದಾಟಿ ಮನೆಗೆ ಬಂದ.

ಸಂಜೆ ಆಸ್ಪತ್ರೆಗೆ ಕಿತ್ತಳೆ ಹಣ್ಣು ತೆಗೆದುಕೊಂಡು ಹೋದ. ಮಗಳು ಅಮ್ಮನಿಗೆ ತಲೆ ಬಾಚುತ್ತಿದ್ದಳು. ಸ್ಟೂಲಿನ ಮೇಲೆ ಕೂತವನು ಹಣ್ಣು ಸುಲಿಯುತ್ತ, ಸಿಪ್ಪೆಯನ್ನೇ ನೋಡುತ್ತ ಹೇಳಿದ.

"ನಿನ್ನ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸ್ದೆ."

ಮಗಳ ಕೈಯ ಬಾಚಣಿಗೆ ನಿಂತಿತು. ಹೆಂಡತಿ ಕೇಳಿದಳು, "ಎಷ್ಟು?"

"ಅರ್ಧ."

"ಅರ್ಧಕ್ಕೇ ಯಾಕೆ ನಿಲ್ಲಿಸಿದ್ರಿ? ಡೀಸೆಲ್ ಮುಗೀತಾ?"

"ಡೀಸೆಲ್ ಇತ್ತು. ಉಳೋ ಅಗತ್ಯ ಇರ್ಲಿಲ್ಲ."

ಅವಳು ಗೋಡೆಯ ಕಡೆ ಮಗ್ಗುಲಾದಳು. ಹಣ್ಣು ತಿನ್ನಲಿಲ್ಲ. ಅವನು ಸುಲಿದ ತೊಳೆಗಳನ್ನು ತಟ್ಟೆಯಲ್ಲಿಟ್ಟು, ಸಂಜೆಯ ಗಂಟೆ ಹೊಡೆಯುವ ತನಕ ಕೂತಿದ್ದು ಎದ್ದುಬಂದ. ಮಾರನೆಯ ದಿನ ಹೋದಾಗಲೂ ಅವಳು ಕಣ್ಣು ಮುಚ್ಚಿಕೊಂಡೇ ಇದ್ದಳು. ನಿದ್ದೆ ಬಂದಿರಲಿಲ್ಲ ಎಂಬುದು ರೆಪ್ಪೆಯಿಂದಲೇ ತಿಳಿಯುತ್ತಿತ್ತು. ಅದರ ಮಾರನೆಯ ದಿನ ಮಗಳು ಬಾಗಿಲಲ್ಲೇ ಅವನನ್ನು ತಡೆದು ಹೇಳಿದಳು.

"ಅಪ್ಪಾ, ಅಮ್ಮ ಹೇಳಿದ್ದಾಳೆ. ಎರಡೂ ಕಡೆ ಒಂದೇ ದಿನ ಬಿತ್ತಬೇಕಂತೆ. ಒಂದೇ ಬೀಜ. ಗೊಬ್ಬರನೂ ಒಂದೇ ಅಳತೆ."

"ಇನ್ನೇನಂದ್ಲು?"

"ಇನ್ನೇನಂದ್ಲೋ ಅದನ್ನ ನಾನು ಹೇಳಲ್ಲ."

ಅವನು ಹಾಗೆಯೇ ಮಾಡಿದ. ಉಳದ ಅರ್ಧದಲ್ಲಿ ರೋಲರನ್ನು ತನ್ನ ಟ್ರ್ಯಾಕ್ಟರಿನಲ್ಲೇ ಎಳೆದ. ಕೋಲು ಹಿಡಿದ ಹೆಂಗಸರು ಎರಡೂ ಕಡೆ ಬೀಜ ಊರಿದರು. ಹೆಂಡತಿ ಮನೆಗೆ ಬರುವ ಹೊತ್ತಿಗೆ ಮೆಕ್ಕೆಜೋಳ ಮೊಣಕಾಲೆತ್ತರಕ್ಕೆ ಬಂದಿತ್ತು. ಬಂದವಳು ಬದುವಿನ ಮೇಲೆ ನಿಂತು ನೋಡಿದಳು. ಉತ್ತ ಅರ್ಧವೇ ಎತ್ತರ. ಎಲೆ ಕಡು ಹಸಿರು.

ಊರಿಗೆ ಮತ್ತೆ ಮಾತು ಸಿಕ್ಕಿತು. "ನೋಡ್ದಾ, ಗಂಡ ಕೈ ಹಾಕಿದ ಕಡೆ ಹೊಲ ನಗ್ತಾ ಇದೆ" ಎಂದರು. ಸಾಲಣ್ಣ ಕ್ಷೌರದ ಕುರ್ಚಿಯಲ್ಲಿ ಆ ಸಲ ಸ್ವಲ್ಪ ನೆಟ್ಟಗೆ ಕೂತ ಎಂಬುದು ಸುಳ್ಳಲ್ಲ. ಕೊಯ್ಲಿನಲ್ಲೂ ಉತ್ತ ಅರ್ಧದಿಂದ ಹೆಚ್ಚು ಚೀಲ ಬಂದವು.

ಕೊಯ್ಲಾದ ಮೇಲೆ ಕನ್ನಡಕದ ಮೇಡಂ ತಾವೇ ಹೊಲಕ್ಕೆ ಬಂದರು. ಉದ್ದನೆಯ ಕೊಳವೆಯನ್ನು ನೆಲಕ್ಕೆ ತಿರುಗಿಸಿ ಇಳಿಸಿ, ಎರಡೂ ಕಡೆಯಿಂದ ಮೇಲಿನ ಮಣ್ಣು, ಕೆಳಗಿನ ಮಣ್ಣು ಬೇರೆ ಬೇರೆ ತೆಗೆದರು. ಪರೀಕ್ಷೆಯ ಫಲ ಬಂದ ದಿನ ಹೆಂಡತಿಯನ್ನು ಕರೆತರಲು ಸಾಲಣ್ಣನೂ ಕೇಂದ್ರಕ್ಕೆ ಹೋಗಿದ್ದ. ಮೇಡಂ ಇಬ್ಬರನ್ನೂ ಕೂರಿಸಿ ಹೇಳಿದರು.

"ಉತ್ತ ಕಡೆ ಸಾವಯವ ಅಂಶ ಇಳಿದಿದೆ. ಮೇಲ್ಮಣ್ಣಲ್ಲಿ ಚೆನ್ನಾಗೇ ಇಳಿದಿದೆ."

"ಇಳಿದಿದ್ರೆ ಬೆಳೆ ಹೇಗೆ ಜಾಸ್ತಿ ಬಂತು ಮೇಡಂ?" ಅವನು ಕೇಳಿದ. ಜಗಳಕ್ಕೆ ಕೇಳಿದ್ದಲ್ಲ.

"ಅದಕ್ಕೇ ಬಂದಿದ್ದು. ನಿಮ್ಮ ಮನೆಯವರು ಇಷ್ಟು ವರ್ಷ ಕೂಡಿಹಾಕಿದ್ದನ್ನ ನೀವು ಒಂದೇ ಸಲ ಗಾಳಿಗೆ ಬಿಟ್ರಿ. ಮಣ್ಣಿನೊಳಗಿನ ಜೀವಿಗಳು ಅದನ್ನ ತಿಂದು ಬೆಳೆಗೆ ಉಣಿಸಿದ್ವು. ಬಿತ್ತನೆಗೆ ಇಟ್ಟ ಕಾಳನ್ನ ಬೇಯಿಸಿ ಹಬ್ಬ ಮಾಡಿದ ಹಾಗೆ. ಊಟ ಜೋರಾಗೇ ಇರುತ್ತೆ."

ಅವನು, "ಕೆಳಗಿನ ಮಣ್ಣು?" ಎಂದ.

"ಕೆಳಗೆ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ಉಳದೇ ಇದ್ರೂ ಕೆಳಗೆ ಅಂಥಾ ವ್ಯತ್ಯಾಸ ಆಗಿಲ್ಲ. ಕೂಡಿದ್ದೆಲ್ಲ ಮೇಲಿನ ನಾಲ್ಕು ಬೆರಳಲ್ಲಿ."

"ನಾಲ್ಕು ಬೆರಳಿಗೆ ಇಷ್ಟು ವರ್ಷ!"

"ಹೌದು. ಮಳೆ ಬೀಳೋದೂ ಆ ನಾಲ್ಕು ಬೆರಳ ಮೇಲೆನೇ, ಬೀಜ ಕಣ್ಣು ಬಿಡೋದೂ ಅಲ್ಲೇ" ಎಂದರು ಮೇಡಂ.

ಮನೆಗೆ ಬರುವ ದಾರಿಯಲ್ಲಿ ಬಸ್ಸಿನ ಸೀಟಿನಲ್ಲಿ ಕೂತು ಹೆಂಡತಿ ಅವನಿಗೆ ಒಂದು ಮಾತು ಹೇಳಿದಳು. ಆಸ್ಪತ್ರೆಯ ಮಾತಿನ ನಂತರ ಹೊಲದ ಬಗ್ಗೆ ಅವನ ಮುಖ ನೋಡಿ ಆಡಿದ ಮೊದಲ ಮಾತು ಅದು.

"ಆ ಅರ್ಧ ಇನ್ಮೇಲೆ ನಿಮ್ಮ ಪಾಲು. ನಿಮಗೆ ಹೇಗೆ ಬೇಕೋ ಹಾಗೆ ಉತ್ಕೊಳ್ಳಿ. ನಾನು ಬೇಡ ಅನ್ನಲ್ಲ."

"ಕೋಪಕ್ಕೆ ಹೇಳ್ತಿದೀಯಾ?"

"ಕೋಪ ಇದೆ. ಆದ್ರೆ ಕೋಪಕ್ಕೆ ಹೇಳ್ತಿಲ್ಲ. ನನಗೂ ನೋಡಬೇಕು."

ಹಾಗಾಗಿ ಅವನು ಉತ್ತ. ಬೇರೆ ಯಾರ ಹೊಲಕ್ಕೂ ಕೊಡದ ಮುತುವರ್ಜಿ ಕೊಟ್ಟು, ಹದ ನೋಡಿ, ನಾಲ್ಕೂ ಸುತ್ತು ಹೊಡೆದು, ತನ್ನ ಅರ್ಧವನ್ನು ತಟ್ಟೆಯ ಹಾಗೆ ಮಾಡಿಟ್ಟ. ಎರಡನೆಯ ವರ್ಷ ಎರಡೂ ಅರ್ಧ ಸಮಸಮ ಬಂದವು. ಮೂರನೆಯ ವರ್ಷ ಹಕ್ಕಿಗಳು ಅವನ ಸಾಲಿಗೆ ಇಳಿಯಲಿಲ್ಲ. ಆ ವರ್ಷವೇ ತೆನೆ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಿತು, ಕಾಲುವೆಯೂ ಒಣಗಿತು. ಮಧ್ಯಾಹ್ನಕ್ಕೆಲ್ಲ ಅವನ ಕಡೆಯ ಎಲೆಗಳು ಸುರುಳಿ ಸುತ್ತಿಕೊಳ್ಳುತ್ತಿದ್ದವು. ಅವಳ ಕಡೆಯವು ಸಂಜೆಯ ತನಕ ಬಿಚ್ಚಿಕೊಂಡೇ ಇರುತ್ತಿದ್ದವು. ಮಳೆ ಬಂದಾಗ ಒಮ್ಮೆಲೇ ಬಂತು. ಅವನ ಅರ್ಧದ ಮೇಲೆ ನೀರು ನಿಂತು, ಒಣಗಿ, ಮೇಲೊಂದು ಹಪ್ಪಳದಂಥ ಪದರ ಕೂತಿತು. ಅವನು ಬದುವಿನಲ್ಲಿ ನಿಂತು ಎರಡನ್ನೂ ನೋಡಿದ. ಹೆಂಡತಿಯೂ ಪಕ್ಕದಲ್ಲಿದ್ದಳು. ಅವಳು ಏನೂ ಹೇಳಲಿಲ್ಲ. ಹೇಳದಿದ್ದುದಕ್ಕೆ ಅವನಿಗೆ ಅವಳ ಮೇಲೆ ಗೌರವವೂ ಬಂತು, ಸಿಟ್ಟೂ ಬಂತು.

ಮುಂದಿನ ಹಂಗಾಮಿಗೆ ಅವನು ಆ ಅರ್ಧಕ್ಕೆ ನೇಗಿಲು ಇಳಿಸಲಿಲ್ಲ. ಬೀಜದಂಗಡಿಯಿಂದ ಒಂದು ಚೀಲ ಅಲಸಂದೆ ತಂದು ಅಡುಗೆಮನೆಯ ಬಾಗಿಲಲ್ಲಿ ಇಟ್ಟ. ಅವಳು ನೋಡಿ, "ಅಡುಗೆಗಾ?" ಎಂದಳು.

"ಹೊದಿಕೆಗೆ."

"ಹ್ಞೂಂ" ಎಂದು ಅವಳು ಚೀಲವನ್ನು ಗೋಡೆಯ ಬದಿಗೆ ಸರಿಸಿದಳು.

ಹೊಲ ಸರಿ, ಹೊಟ್ಟೆಪಾಡು? ಊರು ತುಂಬ ಉಳುಮೆ ಮಾಡಿಸುವವರೇ ಇದ್ದರು. ಅವನು ಉಳುತ್ತಲೇ ಇದ್ದ. ಆದರೆ ಭಾವಮೈದನ ಅಂಗಡಿಯಲ್ಲಿ ಸಂಜೆ ಕೂರುವುದು ಹೆಚ್ಚಾಯಿತು. ಕೂಲಿಯವರು ಕೋಲಿನಲ್ಲಿ ತೂತು ಮಾಡುವುದು ಎರಡೆಕರೆಗೆ ನಡೆಯುತ್ತದೆ, ಹತ್ತೆಕರೆಗೆ ನಡೆಯುವುದಿಲ್ಲ. ಉಳದ ನೆಲದಲ್ಲಿ, ಸೊಪ್ಪಿನ ನಡುವೆ ನೇರವಾಗಿ ಬಿತ್ತುವ ಯಂತ್ರವೊಂದು ಬೇಕು. ಇಬ್ಬರೂ ಸೇರಿ ಹಳೆಯ ಚೌಕಟ್ಟಿಗೆ ಹಲ್ಲು ಬೆಸೆದು ಒಂದನ್ನು ಮಾಡಿದರು. ಅದನ್ನು ಹೊಲಕ್ಕೆ ಇಳಿಸಿದರೆ ಸೊಪ್ಪೆಲ್ಲ ಹಲ್ಲಿಗೆ ಸಿಕ್ಕಿಕೊಂಡು ಟ್ರ್ಯಾಕ್ಟರಿನ ಹಿಂದೆ ಒಂದು ಬಣವೆಯೇ ಬಂತು.

"ಭಾವಾ, ಇದು ಬಿತ್ತೋ ಯಂತ್ರ ಅಲ್ಲ, ಬಾಚಣಿಗೆ" ಎಂದು ಭಾವಮೈದ ನೆಲದ ಮೇಲೆ ಕೂತು ನಕ್ಕ.

ಎರಡನೆಯ ಸಲ ಪ್ರತಿ ಹಲ್ಲಿನ ಮುಂದೆ ಹರಿತವಾದ ಒಂದೊಂದು ತಟ್ಟೆಚಕ್ರ ಕೂರಿಸಿದರು. ಚಕ್ರ ಸೊಪ್ಪನ್ನು ಕೊಯ್ದು ದಾರಿ ಬಿಡಿಸಿತು, ಹಿಂದಿನ ಹಲ್ಲು ಬೀಜ ಇಳಿಸಿತು. ಸೊಪ್ಪು ದಪ್ಪಗಿದ್ದ ಕಡೆ ಆಗಲೂ ತೊಡರುತ್ತಿತ್ತು, ಆದರೆ ಕೆಲಸ ನಡೆಯಿತು.

ಗಿರಾಕಿಗಳು ಮಾತ್ರ ಬೇಗ ಬರಲಿಲ್ಲ. ಕಲ್ಲುಗಣಿಯ ಮಾಲೀಕರೊಬ್ಬರು ಇಳಿಜಾರಿನ ಹೊಲ ಉಳಲು ಕರೆದಾಗ ಅವನು, "ಇಳಿಜಾರು ಧಣಿ, ಮಗುಚಿದ್ರೆ ಮೇಲ್ಮಣ್ಣೆಲ್ಲ ಕಾಲುವೆ ಪಾಲಾಗುತ್ತೆ. ಹಾಗೇ ಬಿತ್ತಿಕೊಡ್ತೀನಿ, ನೋಡಿ" ಎಂದ.

"ನಿನ್ನನ್ನ ಕರೆದಿದ್ದು ಉಳೋದಕ್ಕೆ. ಉಪದೇಶಕ್ಕೆ ಬೇರೆ ಜನ ಇದ್ದಾರೆ" ಎಂದು ಅವರು ಇನ್ನೊಬ್ಬ ಟ್ರ್ಯಾಕ್ಟರಿನವನನ್ನು ಕರೆಸಿದರು. ಅವನು ಮನೆಗೆ ಬಂದು ಹೇಳಿದಾಗ ಹೆಂಡತಿ, "ನಾನು ಹೇಳಿದಾಗ ನೀವೂ ಪೌಡರ್ ಅಂದಿದ್ರಿ" ಎಂದಳು.

ಬರುಬರುತ್ತ ಒಬ್ಬರಿಬ್ಬರು ಬಂದರು. ಡೀಸೆಲ್ ಉಳಿಯುತ್ತದೆಂದು ಕೆಲವರು, ಕೂಲಿಯವರು ಸಿಗುವುದಿಲ್ಲವೆಂದು ಕೆಲವರು. ಸಾವಯವ ಅಂಶವನ್ನು ಕೇಳಿಕೊಂಡು ಬಂದವರು ಬಹಳ ಕಡಿಮೆ. ಇಬ್ಬರು ಒಂದು ವರ್ಷ ಮಾಡಿ, ಕಳೆ ತಾಳಲಾರದೆ ಮತ್ತೆ ಉಳುಮೆ ಮಾಡಿಸಿದರು. ನಾಲ್ಕು ಸುತ್ತಿನ ಕೆಲಸ ಒಂದೇ ಸುತ್ತಿಗೆ ಇಳಿದದ್ದರಿಂದ ಸಾಲಣ್ಣನ ಆದಾಯ ತಗ್ಗಿತು. ಅದನ್ನು ಸರಿದೂಗಿಸಲು ಬೇಸಿಗೆಯಲ್ಲಿ ಟ್ರೈಲರ್ ಕಟ್ಟಿ ಇಟ್ಟಿಗೆ ಸಾಗಿಸಿದ. ಉಳುಮೆಯನ್ನು ಅವನು ಪೂರ್ತಿ ಬಿಡಲೂ ಇಲ್ಲ. ಕೇಳಿದವರಿಗೆ ಉತ್ತುಕೊಟ್ಟ, ಚೆನ್ನಾಗಿಯೇ ಉತ್ತುಕೊಟ್ಟ. ಮುಗಿಸಿದ ಮೇಲೆ ಬದುವಿನಲ್ಲಿ ನಿಂತು ನೋಡುವ ಅಭ್ಯಾಸ ಮಾತ್ರ ತಪ್ಪಿತು.

ಕನ್ನಡಕದ ಮೇಡಂಗೆ ಬೇರೆ ಊರಿಗೆ ವರ್ಗವಾಯಿತು. ಹುಲ್ಲಕ್ಕ ಕೇಂದ್ರದಿಂದ ನಿವೃತ್ತಳಾದಳು. ಈಚೆಗೆ ಹೊಸದಾಗಿ ಬಂದ ಅಧಿಕಾರಿಯೊಬ್ಬರು, ಕಡತದಲ್ಲಿ ಈ ಹೊಲದ ವಿವರ ಓದಿ, ಕೊಳವೆ ಹಿಡಿದುಕೊಂಡು ಬೆಳಗ್ಗೆಯೇ ಬಂದಿದ್ದರು. ಸೊಪ್ಪು ಮಲಗಿದ್ದ ಹೊಲವನ್ನು ಆಚೆಯಿಂದ ಈಚೆಗೆ ನೋಡಿ ಕೇಳಿದರು.

"ಇದರಲ್ಲಿ ಉತ್ತಿದ್ದು ಯಾವ ಅರ್ಧ? ನೋಡಿದ್ರೆ ಗೊತ್ತೇ ಆಗಲ್ವಲ್ಲ."

ಸಾಲಣ್ಣ ಕೈಯಿಂದ ಗಡಿ ತೋರಿಸಿದ. ಅಧಿಕಾರಿ ಎರಡೂ ಕಡೆಯಿಂದ ಒಂದೊಂದು ಹೆಂಟೆ ತೆಗೆದು, ತಂದಿದ್ದ ಎರಡು ಗಾಜಿನ ಲೋಟಗಳ ನೀರಿಗೆ ಮೆಲ್ಲಗೆ ಬಿಟ್ಟರು. ಅವಳ ಕಡೆಯದು ಹಾಗೇ ಕೂತಿತು. ಅವನ ಕಡೆಯದು ಅಂಚಿನಿಂದ ಸ್ವಲ್ಪ ಸ್ವಲ್ಪ ಉದುರಿ ನೀರನ್ನು ಮಬ್ಬು ಮಾಡಿತು; ಪೂರ್ತಿ ಕರಗಲಿಲ್ಲ.

"ಸಾವಯವ ಅಂಶದ ಅಂಟಿದ್ರೆ ಮಣ್ಣು ನೀರಲ್ಲೂ ಬಿಡಲ್ಲ. ಇದು ಇನ್ನೂ ಹಿಂದಿದೆ" ಎಂದರು ಅಧಿಕಾರಿ. "ಬಿಟ್ಟು ಬಹಳ ವರ್ಷ ಆಗಿರಬೇಕಲ್ಲ?"

"ಉತ್ತಿದ್ದಕ್ಕಿಂತ ಜಾಸ್ತಿ ವರ್ಷ ಆಯ್ತು" ಎಂದ ಅವನು.

"ಎರಡನ್ನೂ ಸೇರಿಸಿ ಒಂದೇ ಚೀಲಕ್ಕೆ ಹಾಕಲಾ? ಹೊಲ ಒಂದೇ ತಾನೆ?"

"ಬೇಡ" ಎಂದಳು ಹೆಂಡತಿ. "ಬೇರೆ ಬೇರೆ ಇಡಿ. ಇವರದ್ದಕ್ಕೆ ಇವರ ಹೆಸರೇ ಬರೀರಿ."

ಅಧಿಕಾರಿ ಗಂಡನ ಮುಖ ನೋಡಿದರು. "ಬರ್ಕೊಳ್ಳಿ ಸ್ವಾಮಿ. ಅವಳು ಹೇಳಿದ ಮೇಲೆ ಮುಗೀತು" ಎಂದು ಅವನು ಚೀಟಿಯ ಮೇಲೆ ಬರೆಸಿಕೊಂಡ. ಚೀಲಗಳನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಅಧಿಕಾರಿ ಹೊರಟುಹೋದರು. ಮಧ್ಯಾಹ್ನ ಅವನಿಗೆ ಪಕ್ಕದ ಊರಿನಲ್ಲಿ ಬಿತ್ತನೆ ಇತ್ತು. ಅವಳು ಬುತ್ತಿ ಕಟ್ಟಿಕೊಟ್ಟು, ಬಿತ್ತುವ ಯಂತ್ರದ ತಟ್ಟೆಚಕ್ರಗಳಿಗೆ ಸಿಕ್ಕಿಕೊಂಡಿದ್ದ ನಾರನ್ನು ಬಿಡಿಸಲು ಕೂತಳು. ಅವನು ಎದುರು ಕೂತು ಇನ್ನೊಂದು ಚಕ್ರ ಹಿಡಿದುಕೊಂಡ.